ಆಕ್ಸಿಜನ್ ಜಾಸ್ತಿ ಕೊಟ್ಟರೆ ಉಸಿರೇ ನಿಂತುಹೋಗುತ್ತದೆಯೇ?

ಓದುಗರ ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ. ತುಂಬಾ ವರ್ಷ ಸಿಗರೇಟು ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಹೋದ ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಈಗ ಮನೆಯಲ್ಲೇ ಆಕ್ಸಿಜನ್ ಮಷಿನ್ ಇದೆ. ನಿಮಿಷಕ್ಕೆ 1 ಲೀಟರ್ ಇಡಿ, ಬೆರಳಿನ ಆಕ್ಸಿಮೀಟರ್ 88ರಿಂದ 92 ತೋರಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದಾರೆ. ಮೊನ್ನೆ 89 ತೋರಿಸಿತು. ನನಗೆ ಭಯವಾಗಿ 4 ಲೀಟರಿಗೆ ಏರಿಸಿಬಿಟ್ಟೆ. 97 ಆಯಿತು. ಆದರೆ ಅಪ್ಪ ಮಧ್ಯಾಹ್ನವೆಲ್ಲ ತೂಕಡಿಸುತ್ತಿದ್ದರು, ಎದ್ದಮೇಲೆ ತಲೆನೋವು ಎಂದರು. ನೆಂಟರೊಬ್ಬರು, 'ಆಕ್ಸಿಜನ್ ಜಾಸ್ತಿ ಕೊಟ್ಟರೆ ಉಸಿರೇ ನಿಲ್ಲುತ್ತದೆ, ರಾತ್ರಿ ಮಷಿನ್ ಆಫ್ ಮಾಡಿ' ಎನ್ನುತ್ತಾರೆ. ಅದು ನಿಜವೇ? 86 ಇದ್ದಾಗ ಅಪ್ಪ ಆರಾಮಾಗಿ ಪೇಪರ್ ಓದುತ್ತಿರುತ್ತಾರೆ, 93 ಇದ್ದಾಗ ಒಮ್ಮೊಮ್ಮೆ ಏದುಸಿರು ಬಿಡುತ್ತಾರೆ. ಇದು ಹೇಗೆ? ಹಾಗಾದರೆ ಆಕ್ಸಿಜನ್ ಕಡಿಮೆಯಾಗಿದೆ ಎಂದು ದೇಹಕ್ಕೆ ಗೊತ್ತೇ ಆಗುವುದಿಲ್ಲವೇ? ಕೊನೆಯದಾಗಿ, ನನ್ನ ಮಗ ಈಜು ಕಲಿಯುತ್ತಿದ್ದಾನೆ. ನೀರಿನಡಿ ಜಾಸ್ತಿ ಹೊತ್ತು ಇರಬೇಕೆಂದು ಮುಳುಗುವ ಮುಂಚೆ ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಡುತ್ತಾನೆ. ಆಕ್ಸಿಜನ್ ತುಂಬಿಕೊಳ್ಳಲು ಎನ್ನುತ್ತಾನೆ. ಅದು ಸರಿಯೇ?

ಉತ್ತರ: ಮೊದಲು ಇವತ್ತೇ ಮಾಡಬೇಕಾದ್ದನ್ನು ಹೇಳುತ್ತೇನೆ. ಮಷಿನ್ ಇನ್ನೂ 4ರಲ್ಲಿ ಇದ್ದರೆ ಡಾಕ್ಟರು ಹೇಳಿದ 1 ಲೀಟರಿಗೆ ಇಳಿಸಿ. ರಾತ್ರಿ ಆಫ್ ಮಾಡಬೇಡಿ. ಮೊನ್ನೆಯ ತೂಕಡಿಕೆ ಮತ್ತು ತಲೆನೋವಿನ ವಿಷಯವನ್ನು ಫೋನ್ ಮಾಡಿಯಾದರೂ ಅವರ ಡಾಕ್ಟರಿಗೆ ತಿಳಿಸಿ. ಮತ್ತೆ ಅದೇ ಥರ ಮಂಪರು ಬಂದರೆ, ಮಾತು ತೊದಲಿದರೆ, ಕರೆದರೂ ಸರಿಯಾಗಿ ಎಚ್ಚರವಾಗದಿದ್ದರೆ ಆಗ ಫೋನ್ ಸಾಲದು, ಆಸ್ಪತ್ರೆಗೇ ಕರೆದೊಯ್ಯಬೇಕು. ದಾರಿಯಲ್ಲೂ ಆಕ್ಸಿಜನ್ ಇರಲಿ, ಹೇಳಿದ ಪ್ರಮಾಣದಲ್ಲೇ.

ಇನ್ನು ನಿಮ್ಮ ಭಯದ ವಿಷಯ. ಅಂಕಿ ಕಡಿಮೆ ಕಂಡಾಗ ಕೈ ಮಷಿನ್ನಿನ ತಿರುಪಿನ ಕಡೆಗೆ ಹೋಗುವುದು ಸಹಜ. ನನ್ನ ಕ್ಲಿನಿಕ್ಕಿಗೆ ಬರುವ ಮನೆಯವರಲ್ಲಿ ಇದನ್ನು ಮಾಡದವರೇ ಕಡಿಮೆ. ನಿಮ್ಮನ್ನು ದೂರುವ ಮಾತೇ ಇಲ್ಲ. ಯಾಕೆ ಹಾಗೆ ಮಾಡಬಾರದು ಎಂದು ನಿಮಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ. ನಿಮ್ಮ ನೆಂಟರ ಮಾತಿನಲ್ಲಿ ಸ್ವಲ್ಪ ನಿಜವಿದೆ, ಜಾಸ್ತಿ ತಪ್ಪಿದೆ. ಅವರು ಹೇಳಿದ ಪರಿಹಾರವಂತೂ ಅಪಾಯಕಾರಿ. ನಿಮ್ಮ ಮೂರೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ರಕ್ತದಲ್ಲಿ ಆಗುವ ಬದಲಾವಣೆಯನ್ನು ದೇಹ ಯಾವ ಜೀವಕೋಶಗಳಿಂದ, ಹೇಗೆ ಪತ್ತೆ ಹಚ್ಚುತ್ತದೆ ಎಂಬುದು ಗೊತ್ತಾದರೆ ಮೂರಕ್ಕೂ ಉತ್ತರ ಸಿಗುತ್ತದೆ.

ಉಸಿರಾಟವನ್ನು ಆಕ್ಸಿಜನ್ ನಡೆಸುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಆರೋಗ್ಯವಂತರಲ್ಲಿ ಹಾಗಲ್ಲ. ನಿಮಿಷ ನಿಮಿಷಕ್ಕೂ ಉಸಿರಿನ ಆಳ, ವೇಗ ಎರಡನ್ನೂ ತೀರ್ಮಾನಿಸುವುದು ಕಾರ್ಬನ್ ಡೈಆಕ್ಸೈಡ್, ಅಂದರೆ ನಾವು ಹೊರಗೆ ಬಿಡುವ ಅನಿಲ. ಇದನ್ನು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ಇಬ್ಬರು ವಿಜ್ಞಾನಿಗಳು 1905ರಲ್ಲೇ ತೋರಿಸಿಕೊಟ್ಟರು. ಅದನ್ನು ಅಳೆಯುವ ಮುಖ್ಯ ಕೋಶಗಳು ಮೆದುಳಿನ ಬುಡದಲ್ಲಿ, ಮೆಡುಲ್ಲಾ ಎಂಬ ಭಾಗದ ಮುಂಬದಿಯ ಹೊರಮೈಗೆ ಹತ್ತಿರದಲ್ಲಿವೆ. ಇವು ಕೀಮೋರಿಸೆಪ್ಟರ್ ಕೋಶಗಳ, ಅಂದರೆ ರಕ್ತದ ರಾಸಾಯನಿಕ ಬದಲಾವಣೆಯನ್ನು ಪತ್ತೆ ಹಚ್ಚುವ ಕೋಶಗಳ, ಮೊದಲ ಗುಂಪು.

ಇವು ಕೆಲಸ ಮಾಡುವ ರೀತಿ ನೋಡಿ. ರಕ್ತನಾಳಕ್ಕೂ ಮೆದುಳಿಗೂ ನಡುವೆ ಬಿಗಿಯಾದ ಒಂದು ತಡೆ ಇದೆ. ರಕ್ತದಲ್ಲಿರುವ ಆಮ್ಲ ಅದನ್ನು ಸುಲಭವಾಗಿ ದಾಟಲಾರದು. ಆದರೆ ಕಾರ್ಬನ್ ಡೈಆಕ್ಸೈಡ್ ಸಲೀಸಾಗಿ ದಾಟುತ್ತದೆ. ಆಚೆ ಹೋಗಿ ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ. ಮೆದುಳಿನ ಸುತ್ತಲಿನ ದ್ರವದಲ್ಲಿ ಪ್ರೋಟೀನ್ ತೀರಾ ಕಡಿಮೆ. ಆದ್ದರಿಂದ ಆಮ್ಲವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಅದಕ್ಕೆ ಕಡಿಮೆ. ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಏರಿದರೂ ಅಲ್ಲಿ ಆಮ್ಲೀಯತೆ ಎದ್ದು ಕಾಣುತ್ತದೆ. ಕೋಶಗಳು ಅದನ್ನು ಹಿಡಿದು ಉಸಿರಿನ ಕೇಂದ್ರಕ್ಕೆ ಸುದ್ದಿ ಕೊಡುತ್ತವೆ. ಅಪಧಮನಿಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸ ಇರುತ್ತದೆ. ಅದು ಬರೀ 1 ಮಿಲಿಮೀಟರ್ ಏರಿದರೂ ನಿಮಿಷಕ್ಕೆ ಸುಮಾರು 2 ಲೀಟರ್ ಗಾಳಿಯನ್ನು ನಾವು ಹೆಚ್ಚಾಗಿ ಉಸಿರಾಡುತ್ತೇವೆ. ಸುಮ್ನೆ ಕೂತಿರುವಾಗ ನಾವು ಉಸಿರಾಡುವುದೇ ನಿಮಿಷಕ್ಕೆ 6 ಲೀಟರ್ ಆಸುಪಾಸು. ಹೋಲಿಸಿದರೆ ಈ ಕೋಶಗಳು ಎಷ್ಟು ಸೂಕ್ಷ್ಮ ಎಂದು ಗೊತ್ತಾಗುತ್ತದೆ.

ಎರಡನೇ ಗುಂಪು ಕತ್ತಿನಲ್ಲಿದೆ. ದವಡೆಯ ಮೂಲೆಯ ಕೆಳಗೆ ಬೆರಳಿಟ್ಟರೆ ಬಡಿಯುವ ದೊಡ್ಡ ರಕ್ತನಾಳ ಸಿಗುತ್ತದಲ್ಲ, ಅದು ಎರಡಾಗಿ ಕವಲೊಡೆಯುವ ಜಾಗದಲ್ಲಿ ಎರಡೂ ಬದಿಗೆ ಒಂದೊಂದು ಸಣ್ಣ ಗಂಟಿದೆ. ಹೆಸರು ಕ್ಯಾರೋಟಿಡ್ ಬಾಡಿ. ಗಾತ್ರ ಕೆಲವೇ ಮಿಲಿಮೀಟರ್. ಆದರೆ ತನ್ನ ತೂಕಕ್ಕೆ ಹೋಲಿಸಿದರೆ ಅದಕ್ಕೆ ಹರಿಯುವಷ್ಟು ರಕ್ತ ಮೆದುಳಿಗೂ ಹರಿಯುವುದಿಲ್ಲ. ಇದು ರಕ್ತದ ರಸಾಯನವನ್ನು ಪರೀಕ್ಷಿಸುವ ಅಂಗ ಇರಬೇಕೆಂದು ಸ್ಪೇನಿನ ಫರ್ನಾಂಡೊ ಡಿ ಕಾಸ್ಟ್ರೊ 1920ರ ದಶಕದಲ್ಲೇ ಸೂಕ್ಷ್ಮದರ್ಶಕದಲ್ಲಿ ನರಗಳ ಹೆಣಿಗೆಯನ್ನು ನೋಡಿ ಊಹಿಸಿದ್ದರು. ಪ್ರಯೋಗ ಮಾಡಿ ಸಾಬೀತುಪಡಿಸಿದವರು ಬೆಲ್ಜಿಯಂನ ಕೊರ್ನೇಯ್ ಹೈಮನ್ಸ್. ಅವರಿಗೆ 1938ರ ನೊಬೆಲ್ ಬಹುಮಾನ ಬಂತು. ಡಿ ಕಾಸ್ಟ್ರೊ ಅವರ ಹೆಸರನ್ನು ಇನ್ನಷ್ಟು ಜನ ನೆನೆಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈ ಗಂಟಿನಲ್ಲಿರುವ ಗ್ಲೋಮಸ್ ಎಂಬ ಕೋಶಗಳೇ ಆಕ್ಸಿಜನ್ ಇಳಿದದ್ದನ್ನು ಹಿಡಿಯುವವು. ಸಾಮಾನ್ಯ ಸ್ಥಿತಿಯಲ್ಲಿ ಇವುಗಳ ಪೊರೆಯಲ್ಲಿರುವ ಪೊಟ್ಯಾಸಿಯಂ ದಾರಿಗಳು ತೆರೆದಿರುತ್ತವೆ. ಆಕ್ಸಿಜನ್ ಇಳಿದಾಗ ಮೊದಲು ಕೋಶದ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಎಂಬ ಭಾಗಗಳಲ್ಲಿ ಏರುಪೇರಾಗುತ್ತದೆ. ಅದರಿಂದ ಪೊಟ್ಯಾಸಿಯಂ ದಾರಿಗಳು ಮುಚ್ಚುತ್ತವೆ. ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆಗ ಕೋಶವು ಎಟಿಪಿ, ಅಸಿಟೈಲ್‌ಕೋಲಿನ್, ಡೋಪಮೈನ್‌ನಂಥ ರಾಸಾಯನಿಕಗಳನ್ನು ಪಕ್ಕದ ನರದ ಮೇಲೆ ಸುರಿಯುತ್ತದೆ. ನರ ಮೆದುಳಿಗೆ ಸುದ್ದಿ ಒಯ್ಯುತ್ತದೆ. ಇಷ್ಟೆಲ್ಲ ನಡೆದು ಉಸಿರು ಹೆಚ್ಚಾಗಲು ಕೆಲವೇ ಸೆಕೆಂಡು ಸಾಕು. ಮೆದುಳಿನ ಗುಂಪಿಗೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಕಾರ್ಬನ್ ಡೈಆಕ್ಸೈಡ್ ಮತ್ತು ಆಮ್ಲ ಏರಿದರೂ ಕತ್ತಿನ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ.

ಇಲ್ಲೊಂದು ಮುಖ್ಯ ಸಂಗತಿ ಇದೆ. ಕತ್ತಿನ ಕೋಶಗಳು ಆಕ್ಸಿಜನ್ ಸ್ವಲ್ಪ ಇಳಿದ ತಕ್ಷಣ ಕೂಗಾಡುವುದಿಲ್ಲ. ರಕ್ತದ ಆಕ್ಸಿಜನ್ ಒತ್ತಡ ಸಾಮಾನ್ಯವಾಗಿ 80ರಿಂದ 100 ಮಿಲಿಮೀಟರ್. ಅದು 60ರ ಕೆಳಗೆ ಹೋದಾಗ ಮಾತ್ರ ಇವುಗಳ ಸಂಕೇತ ಕಡಿದಾಗಿ ಏರುತ್ತದೆ. 60 ಅಂದರೆ ಆಕ್ಸಿಮೀಟರಿನಲ್ಲಿ ಸುಮಾರು 90. ಹೀಗಾಗಿ ಆರೋಗ್ಯವಂತರಲ್ಲಿ ಆಕ್ಸಿಜನ್ ಕಾಯುವ ಈ ಕಾವಲು ಕಡೆಯ ಸಾಲಿನದು. ದಿನನಿತ್ಯದ ಕೆಲಸ ಕಾರ್ಬನ್ ಡೈಆಕ್ಸೈಡ್ ನೋಡುವ ಕೋಶಗಳದ್ದು.

ಈಗ ನಿಮ್ಮ ತಂದೆಯವರ ವಿಷಯಕ್ಕೆ ಬರೋಣ. ಸಿಒಪಿಡಿ ಬಲಿತಾಗ ಕೆಲವರಲ್ಲಿ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಹೋಗುವುದಿಲ್ಲ. ತಿಂಗಳು, ವರ್ಷಗಟ್ಟಲೆ ರಕ್ತದಲ್ಲಿ ಜಾಸ್ತಿಯೇ ಇರುತ್ತದೆ. ಆಗ ಮೂತ್ರಪಿಂಡಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಉಳಿಸಿಕೊಂಡು ಆಮ್ಲವನ್ನು ಸರಿದೂಗಿಸುತ್ತವೆ. ಮೆದುಳಿನ ದ್ರವದಲ್ಲೂ ಬೈಕಾರ್ಬನೇಟ್ ಏರುತ್ತದೆ. ಒಳಗೆ ಆಮ್ಲೀಯತೆ ಕಾಣದಿದ್ದರೆ ಮೆದುಳಿನ ಕೋಶಗಳು ಯಾವುದರ ಸುದ್ದಿ ಕೊಡಬೇಕು? ಅವು ಹೊಸ ಮಟ್ಟಕ್ಕೆ ಒಗ್ಗಿಕೊಳ್ಳುತ್ತವೆ. ನಿಮ್ಮ ತಂದೆಯವರಿಗೆ 88ರಿಂದ 92 ಎಂದು ಬರೆದುಕೊಟ್ಟಿದ್ದಾರೆಂದರೆ, ಅವರಲ್ಲಿ ಹೀಗೆ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತಿದೆ ಅಥವಾ ಉಳಿಯುವ ಸಾಧ್ಯತೆ ಇದೆ ಎಂದು ಡಾಕ್ಟರಿಗೆ ಅನ್ನಿಸಿದೆ.

ನಿಮ್ಮ ನೆಂಟರ ಮಾತು ಹುಟ್ಟಿದ್ದು ಇಲ್ಲಿಂದ. ಮೆದುಳಿನ ಕೋಶಗಳು ಮಂಕಾಗಿವೆ, ಇನ್ನು ಉಸಿರಾಟ ನಡೆಯುವುದು ಕತ್ತಿನ ಕೋಶಗಳ ಬಲದಿಂದ, ಅವಕ್ಕೆ ಆಕ್ಸಿಜನ್ ಸಾಕಾಯಿತು ಎಂದರೆ ಉಸಿರು ನಿಲ್ಲುತ್ತದೆ ಎಂಬ ಲೆಕ್ಕಾಚಾರ. ಕೇಳಲು ತರ್ಕಬದ್ಧವಾಗಿದೆ. ಬಹಳ ಕಾಲ ವೈದ್ಯಕೀಯ ಕಾಲೇಜುಗಳಲ್ಲೂ ಇದನ್ನೇ ಪಾಠ ಮಾಡುತ್ತಿದ್ದರು. ಆದರೆ ಅಳೆದು ನೋಡಿದಾಗ ಕತೆ ಬೇರೆಯೇ ಇತ್ತು. 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೀವ್ರ ಉಸಿರಾಟದ ತೊಂದರೆಯಲ್ಲಿದ್ದ ಇಂಥ ರೋಗಿಗಳಿಗೆ ಶುದ್ಧ ಆಕ್ಸಿಜನ್ ಕೊಟ್ಟು ನೋಡಿದರು. ಉಸಿರಾಟ ಮೊದಲು ಸ್ವಲ್ಪ ತಗ್ಗಿತು. ಆದರೆ 15 ನಿಮಿಷದ ಹೊತ್ತಿಗೆ ಮೊದಲಿನ 93 ಶೇಕಡಕ್ಕೆ ವಾಪಸ್ ಬಂದಿತ್ತು. ಉಸಿರು ನಿಲ್ಲಲಿಲ್ಲ. ಆದರೂ ಕಾರ್ಬನ್ ಡೈಆಕ್ಸೈಡ್ ಮಾತ್ರ ಸರಾಸರಿ 23 ಮಿಲಿಮೀಟರ್ ಏರಿತ್ತು! ಉಸಿರಾಟ ಅಷ್ಟೊಂದು ಕಡಿಮೆಯಾಗದೆ ಇದು ಹೇಗೆ ಏರಿತು?

ಉತ್ತರ ಶ್ವಾಸಕೋಶದ ಒಳಗಿದೆ. ತೋಟಕ್ಕೆ ನೀರು ಹಾಯಿಸುವವರು ಬೆಳೆ ಸತ್ತ ಪಾತಿಯ ಕಡೆಗೆ ಹೋಗುವ ಕಾಲುವೆಯನ್ನು ಮಣ್ಣಿನಿಂದ ಕಟ್ಟಿ, ಬೆಳೆ ಚೆನ್ನಾಗಿರುವ ಕಡೆಗೆ ನೀರು ತಿರುಗಿಸುತ್ತಾರಲ್ಲ, ಶ್ವಾಸಕೋಶವೂ ಅದನ್ನೇ ಮಾಡುತ್ತದೆ. ಗಾಳಿ ಸರಿಯಾಗಿ ಬಾರದ, ಆಕ್ಸಿಜನ್ ಕಡಿಮೆಯಿರುವ ಭಾಗದ ಸಣ್ಣ ರಕ್ತನಾಳಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ರಕ್ತ ಒಳ್ಳೆಯ ಭಾಗಕ್ಕೆ ಹೋಗುತ್ತದೆ. ಆಕ್ಸಿಜನ್ ಜಾಸ್ತಿ ಕೊಟ್ಟರೆ ಕೆಟ್ಟ ಭಾಗದಲ್ಲೂ ಆಕ್ಸಿಜನ್ ಮಟ್ಟ ಏರಿ ಕಟ್ಟೆ ಒಡೆಯುತ್ತದೆ. ರಕ್ತ ಅಲ್ಲಿಗೂ ಹರಿಯುತ್ತದೆ. ಆದರೆ ಅಲ್ಲಿ ಗಾಳಿಯ ಓಡಾಟ ಇಲ್ಲ. ಕಾರ್ಬನ್ ಡೈಆಕ್ಸೈಡ್ ಬಿಡಲು ಜಾಗವಿಲ್ಲದೆ ಆ ರಕ್ತ ಹಾಗೇ ವಾಪಸ್ ಬರುತ್ತದೆ. ಎರಡನೇ ಕಾರಣವೂ ಇದೆ. ಹಿಮೋಗ್ಲೋಬಿನ್ ಆಕ್ಸಿಜನ್ ತುಂಬಿಕೊಂಡಾಗ ತಾನು ಹೊತ್ತಿದ್ದ ಕಾರ್ಬನ್ ಡೈಆಕ್ಸೈಡನ್ನು ಕೆಳಗಿಳಿಸುತ್ತದೆ. ಆರೋಗ್ಯವಂತರು ಅದನ್ನು ಒಂದಿಷ್ಟು ಜಾಸ್ತಿ ಉಸಿರಾಡಿ ಹೊರಹಾಕುತ್ತಾರೆ. ನಿಮ್ಮ ತಂದೆಯವರಿಗೆ ಆ ಶಕ್ತಿ ಇಲ್ಲ. ಕತ್ತಿನ ಕೋಶಗಳು ಸುಮ್ಮನಾಗುವುದು ಮೂರನೇ ಕಾರಣ. ಅದು ಸುಳ್ಳಲ್ಲ, ಆದರೆ ಹೆಚ್ಚಿನವರಲ್ಲಿ ಮೊದಲ ಎರಡಕ್ಕಿಂತ ಚಿಕ್ಕದು.

ಏರಿದ ಕಾರ್ಬನ್ ಡೈಆಕ್ಸೈಡ್ ಮೆದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ತಲೆನೋವು ಅದರಿಂದ. ಇನ್ನೂ ಏರಿದರೆ ಮಂಪರು, ಗೊಂದಲ, ಚಾಚಿದ ಕೈ ಹಕ್ಕಿಯ ರೆಕ್ಕೆಯಂತೆ ಬಡಿಯುವುದು. ಮೊನ್ನೆ ನಿಮ್ಮ ತಂದೆಯವರಿಗೆ ಆದದ್ದು ಬಹುಶಃ ಇದೇ. ಬೆರಳಿನ ಮೀಟರು ಆಗಲೂ 97 ತೋರಿಸುತ್ತಿತ್ತು, ಅಲ್ವಾ? ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಕಾಣುವುದೇ ಇಲ್ಲ. ಇದನ್ನು ನಾನು ಪ್ರತಿಯೊಬ್ಬ ರೋಗಿಯ ಮನೆಯವರಿಗೂ ಹೇಳುತ್ತೇನೆ. ಒಳ್ಳೆಯ ಅಂಕಿ ಕಂಡು ನೆಮ್ಮದಿಯಾಗಿ ಕೂತಿರುವಾಗಲೇ ರೋಗಿ ಮಂಪರಿಗೆ ಜಾರುತ್ತಿರಬಹುದು.

ಇನ್ನೊಂದು ಲೆಕ್ಕವನ್ನೂ ನೋಡಿ. 89ರಿಂದ 97ಕ್ಕೆ ಏರಿಸಿದ್ದರಿಂದ ರಕ್ತ ಹೊರುವ ಆಕ್ಸಿಜನ್ ಹೆಚ್ಚಿದ್ದು ನೂರಕ್ಕೆ ಸುಮಾರು ಒಂಬತ್ತರಷ್ಟು ಮಾತ್ರ. ಸುಮ್ನೆ ಕೂತಿರುವ ನಿಮ್ಮ ತಂದೆಯವರಿಗೆ ಅದರಿಂದ ಸಿಕ್ಕ ಲಾಭ ಅತ್ಯಲ್ಪ. ಅದಕ್ಕೆ ತೆತ್ತ ಬೆಲೆ ದೊಡ್ಡದು. 2010ರಲ್ಲಿ ಪ್ರಕಟವಾದ ಟಾಸ್ಮೇನಿಯಾದ ಅಧ್ಯಯನದಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿ 405 ರೋಗಿಗಳ ಮೇಲೆ ಎರಡು ವಿಧಾನ ಹೋಲಿಸಿದರು. ಕೆಲವರಿಗೆ ಮಾಸ್ಕಿನಲ್ಲಿ ಭರ್ತಿ ಆಕ್ಸಿಜನ್. ಇನ್ನು ಕೆಲವರಿಗೆ 88ರಿಂದ 92 ಉಳಿಯುವಷ್ಟು ಮಾತ್ರ. ಸಿಒಪಿಡಿ ಖಚಿತವಾಗಿದ್ದವರಲ್ಲಿ, ಅಳತೆಯಲ್ಲಿ ಕೊಟ್ಟಾಗ ಸಾವಿನ ಅಪಾಯ 78 ಶೇಕಡ ಕಡಿಮೆಯಿತ್ತು. ನಿಮ್ಮ ಡಾಕ್ಟರು ಹೇಳಿದ ಅಂಕಿಯ ಹಿಂದೆ ಇಂಥ ಅನುಭವ ಇದೆ.

ಹಾಗೆಂದು ಆಕ್ಸಿಜನ್‌ಗೆ ಹೆದರಿ ಮಷಿನ್ ಆಫ್ ಮಾಡಿದರೆ? ಅದು ಇನ್ನೂ ದೊಡ್ಡ ತಪ್ಪು. ನಿದ್ದೆಯಲ್ಲಿ ಎರಡೂ ಗುಂಪಿನ ಕೋಶಗಳಿಗೆ ಉಸಿರಾಟದ ಮೇಲಿನ ಹಿಡಿತ ಸಡಿಲವಾಗುತ್ತದೆ. ಆರೋಗ್ಯವಂತರಲ್ಲೂ ಉಸಿರು ತುಸು ತಗ್ಗಿ ಕಾರ್ಬನ್ ಡೈಆಕ್ಸೈಡ್ ಕೆಲವು ಮಿಲಿಮೀಟರ್ ಏರುತ್ತದೆ. ನಿಮ್ಮ ತಂದೆಯವರಂಥವರಲ್ಲಿ ರಾತ್ರಿ ಆಕ್ಸಿಜನ್ ಇನ್ನಷ್ಟು ಇಳಿಯುತ್ತದೆ. ಅದು ಹಾಗೇ ಮುಂದುವರಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಸೋಲುತ್ತದೆ. ರಕ್ತದ ಆಕ್ಸಿಜನ್ ಒತ್ತಡ 55 ಅಥವಾ ಅದಕ್ಕಿಂತ ಕಡಿಮೆ ಇರುವವರು ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ತೆಗೆದುಕೊಂಡರೆ ಆಯುಷ್ಯ ಹೆಚ್ಚುತ್ತದೆ ಎಂಬುದು 1980 ಮತ್ತು 1981ರ ಎರಡು ಅಧ್ಯಯನಗಳಿಂದ ಗೊತ್ತಾಗಿದೆ. ಆ 15 ಗಂಟೆಯಲ್ಲಿ ರಾತ್ರಿಯೂ ಸೇರಿದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 86ರಲ್ಲಿ ಆರಾಮು, 93ರಲ್ಲಿ ಏದುಸಿರು. ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಯಾಕೆಂದರೆ ನೀವು ನೋಡಿದ್ದು ಸರಿಯಾಗಿದೆ. ಉಸಿರು ಕಟ್ಟಿದಂತೆ ಆಗುವ ಸಂಕಟಕ್ಕೂ ಆಕ್ಸಿಜನ್ ಅಂಕಿಗೂ ನೇರ ಸಂಬಂಧ ಕಡಿಮೆ. ಆ ಸಂಕಟ ಹೆಚ್ಚಾಗಿ ಹುಟ್ಟುವುದು ಎರಡು ಕಡೆಯಿಂದ. ಒಂದು, ಕಾರ್ಬನ್ ಡೈಆಕ್ಸೈಡ್ ಬೇಗ ಏರಿದಾಗ. ಇನ್ನೊಂದು, ಮೆದುಳು ಕೇಳಿದಷ್ಟು ಗಾಳಿಯನ್ನು ಎದೆಯ ಸ್ನಾಯುಗಳು ತರಲಾರದೆ ಹೋದಾಗ. ಸಿಒಪಿಡಿಯಲ್ಲಿ ಎರಡನೆಯದೇ ಜಾಸ್ತಿ. ನಡೆದಾಗ, ಸ್ನಾನ ಮಾಡುವಾಗ ಉಸಿರಿನ ವೇಗ ಏರುತ್ತದೆ. ಕಿರಿದಾದ ನಾಳಗಳಿಂದ ಹಳೆಯ ಗಾಳಿ ಪೂರ್ತಿ ಹೊರಹೋಗುವ ಮುಂಚೆಯೇ ಹೊಸ ಉಸಿರು ಬರುತ್ತದೆ. ಎದೆ ಉಬ್ಬಿಕೊಂಡು ಬಿಗಿಯಾಗುತ್ತದೆ. ಆಕ್ಸಿಜನ್ 93 ಇದ್ದರೂ ಆ ಬಿಗಿತವೇ ಏದುಸಿರು. ಅದಕ್ಕೆ ಮದ್ದು ಇನ್ನಷ್ಟು ಆಕ್ಸಿಜನ್ ಅಲ್ಲ. ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದು, ಮುಂದಕ್ಕೆ ಬಾಗಿ ಕೈ ಊರಿ ಕೂರುವುದು, ಡಾಕ್ಟರು ಬರೆದ ಇನ್ಹೇಲರನ್ನು ಸರಿಯಾಗಿ ಎಳೆಯುವುದು, ಚಿಕ್ಕ ಫ್ಯಾನಿನ ಗಾಳಿಯನ್ನು ಮುಖಕ್ಕೆ ಬಿಟ್ಟುಕೊಳ್ಳುವುದು. ಈ ಫ್ಯಾನು ಬರೀ ಸಮಾಧಾನಕ್ಕಲ್ಲ. ಮುಖದ ಚರ್ಮಕ್ಕೆ ತಂಪು ಗಾಳಿ ತಾಗಿದಾಗ ಏದುಸಿರಿನ ಸಂಕಟ ನಿಜವಾಗಿಯೂ ಇಳಿಯುತ್ತದೆ.

86ರಲ್ಲಿ ಆರಾಮಾಗಿ ಕೂತಿರುವುದಕ್ಕೆ ಕಾರಣ, ಅವರ ದೇಹ ನಿಧಾನವಾಗಿ ಆ ಮಟ್ಟಕ್ಕೆ ಒಗ್ಗಿಕೊಂಡಿದೆ. ಆಕ್ಸಿಜನ್ ಕೊರತೆಗೆ ಕ್ಷಣದಲ್ಲಿ ಸ್ಪಂದಿಸುವ ಕತ್ತಿನ ಕೋಶಗಳ ಜೊತೆಗೆ, ದಿನಗಟ್ಟಲೆ ಕೆಲಸ ಮಾಡುವ ಇನ್ನೊಂದು ವ್ಯವಸ್ಥೆಯೂ ನಮ್ಮಲ್ಲಿದೆ. ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಇರುವ ಎಚ್‌ಐಎಫ್ ಎಂಬ ಪ್ರೋಟೀನ್ ಆಕ್ಸಿಜನ್ ಸಾಕಷ್ಟಿದ್ದಾಗ ನಾಶವಾಗುತ್ತಿರುತ್ತದೆ. ಕೊರತೆಯಾದಾಗ ಉಳಿದುಕೊಂಡು ಹಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಮೂತ್ರಪಿಂಡ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್ ಸುರಿಸಿ ಕೆಂಪು ರಕ್ತಕಣ ಹೆಚ್ಚಿಸುವುದು ಹೀಗೆ. ಇದನ್ನು ಬಿಡಿಸಿದ ಮೂವರಿಗೆ, ಅಂದರೆ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ, 2019ರ ನೊಬೆಲ್ ಬಂತು. ಆದರೆ ಆರಾಮಾಗಿದ್ದಾರೆಂದರೆ ಕ್ಷೇಮವಾಗಿದ್ದಾರೆ ಎಂದಲ್ಲ. ಪೇಪರ್ ಓದುತ್ತಿದ್ದರೂ 86 ಕಡಿಮೆಯೇ. ಕೋವಿಡ್ ಕಾಲದಲ್ಲಿ ಎಷ್ಟೋ ಜನ 80ರ ಆಸುಪಾಸಿನ ಅಂಕಿ ಇಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಾ ಆಸ್ಪತ್ರೆಗೆ ಬಂದರು. ಅವರ ಕಾರ್ಬನ್ ಡೈಆಕ್ಸೈಡ್ ಏರಿರಲಿಲ್ಲ. ಅದಕ್ಕೇ ಸಂಕಟ ಗೊತ್ತಾಗಿರಲಿಲ್ಲ.

ದೇಹಕ್ಕೆ ಗೊತ್ತೇ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಕೆಲವು ಸಂದರ್ಭಗಳಲ್ಲಿ ನಿಜಕ್ಕೂ ಗೊತ್ತಾಗುವುದಿಲ್ಲ. ಕತ್ತಿನ ಕೋಶಗಳು ನೋಡುವುದು ರಕ್ತದಲ್ಲಿ ಕರಗಿದ ಆಕ್ಸಿಜನ್ನಿನ ಒತ್ತಡವನ್ನು, ಒಟ್ಟು ಪ್ರಮಾಣವನ್ನಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಅಥವಾ ಜನರೇಟರ್ ಓಡಿಸಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿ ಆಕ್ಸಿಜನ್ನಿಗೆ ಜಾಗ ಇಲ್ಲದಂತೆ ಮಾಡುತ್ತದೆ. ಆದರೆ ಕರಗಿದ ಆಕ್ಸಿಜನ್ನಿನ ಒತ್ತಡ ಹಾಗೇ ಇರುತ್ತದೆ. ಕೋಶಗಳು ಸುಮ್ಮನಿರುತ್ತವೆ. ಉಸಿರು ಕಟ್ಟಿದಂತೆ ಅನ್ನಿಸುವುದೇ ಇಲ್ಲ. ತಲೆನೋವು ಬಂದು, ಹಾಗೇ ಪ್ರಜ್ಞೆ ತಪ್ಪುತ್ತದೆ. ಸಾಮಾನ್ಯ ಆಕ್ಸಿಮೀಟರೂ ಮೋಸಹೋಗಿ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಇದು ನಿಮ್ಮ ತಂದೆಯವರ ಕಾಯಿಲೆಗೆ ನೇರ ಸಂಬಂಧಿಸಿದ್ದಲ್ಲ. ಆದರೂ ಜೀವ ಉಳಿಸುವ ಮಾಹಿತಿಯಾದ್ದರಿಂದ ಹೇಳಿಬಿಟ್ಟೆ.

ಕತ್ತಿನ ಕೋಶಗಳೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದೂ ವೈದ್ಯರಿಗೆ ಗೊತ್ತು. ಕಳೆದ ಶತಮಾನದ ಮಧ್ಯಭಾಗದಲ್ಲಿ ಜಪಾನಿನ ನಕಯಾಮ ಎಂಬ ಶಸ್ತ್ರವೈದ್ಯರು ಆಸ್ತಮಾ ಗುಣಪಡಿಸುವ ಆಸೆಯಿಂದ ಸಾವಿರಾರು ಜನರ ಕ್ಯಾರೋಟಿಡ್ ಬಾಡಿ ತೆಗೆದಿದ್ದರು. ಆ ಚಿಕಿತ್ಸೆ ಬಳಕೆಯಲ್ಲಿ ಉಳಿಯಲಿಲ್ಲ. ಆದರೆ ಎರಡೂ ಬದಿ ತೆಗೆಸಿಕೊಂಡವರು ಕೂತಾಗ ಮಾಮೂಲಿಯಾಗಿ ಉಸಿರಾಡುತ್ತಿದ್ದರು, ಆಕ್ಸಿಜನ್ ಇಳಿಸಿದಾಗ ಮಾತ್ರ ಅವರ ಉಸಿರು ಏರುತ್ತಿರಲಿಲ್ಲ ಎಂಬುದು ಆಮೇಲಿನ ಪರೀಕ್ಷೆಗಳಿಂದ ತಿಳಿಯಿತು. ದಿನನಿತ್ಯದ ಉಸಿರಾಟಕ್ಕೆ ಮೆದುಳಿನ ಕೋಶಗಳು, ಆಕ್ಸಿಜನ್ ಅಪಾಯಕ್ಕೆ ಕತ್ತಿನ ಕೋಶಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಈಗಿರುವಂತೆ 1 ಲೀಟರಿನಲ್ಲೇ ಮುಂದುವರಿಯುವುದು. 88ರಿಂದ 92ರೊಳಗೆ ಇದ್ದಷ್ಟು ದಿನ ಇದೇ ಸರಿ. ಅಂಕಿ 88ಕ್ಕಿಂತ ಕೆಳಗೆ ಕಂಡರೆ ಮೊದಲು ಬೆರಳು ಬೆಚ್ಚಗಿದೆಯೇ, ಉಗುರಿಗೆ ಬಣ್ಣ ಇದೆಯೇ, ಮೂಗಿನ ನಳಿಕೆ ಮಡಚಿಕೊಂಡಿದೆಯೇ ನೋಡಿ. ಒಂದೆರಡು ನಿಮಿಷ ಕೂತು ಮತ್ತೆ ಅಳೆಯಿರಿ. ಆಗಲೂ ಕಡಿಮೆಯೇ ಇದ್ದರೆ ಎಷ್ಟು ಏರಿಸಬೇಕು, ಯಾವಾಗ ಫೋನ್ ಮಾಡಬೇಕು ಎಂಬುದನ್ನು ಡಾಕ್ಟರಿಂದ ಮುಂಚೆಯೇ ಕಾಗದದಲ್ಲಿ ಬರೆಸಿಟ್ಟುಕೊಳ್ಳಿ. ಒಂದರಿಂದ ನಾಲ್ಕಕ್ಕೆ ಹಾರುವುದು ಬೇಡ. ಏರಿಸುವುದಾದರೂ ಚಿಕ್ಕ ಹೆಜ್ಜೆಯಲ್ಲಿ, ಅವರು ಹೇಳಿದಷ್ಟೇ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು ಎಂಬುದೂ ನೆನಪಿರಲಿ.

ಎರಡನೆಯದು, ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆ. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್, ಆಮ್ಲೀಯತೆಯ ಅಳತೆಯಾದ ಪಿಎಚ್ ಮೂರೂ ಗೊತ್ತಾಗುವುದು ಇದರಿಂದಲೇ. ಸ್ವಲ್ಪ ನೋವಾಗುತ್ತದೆ, ಅಷ್ಟೇ. ಮೊನ್ನೆಯ ಘಟನೆಯ ನಂತರ ನಾನಾಗಿದ್ದರೆ ಇದನ್ನು ಖಂಡಿತ ಮಾಡಿಸುತ್ತಿದ್ದೆ. ಆಸ್ಪತ್ರೆಯಲ್ಲಿದ್ದಾಗಿನ ಫಲಿತಾಂಶ ಸಾಲದು. ಆಗ ಕಾಯಿಲೆ ಉಲ್ಬಣಿಸಿತ್ತು. ಈಗಿನ ಸ್ಥಿತಿ ಬೇರೆ ಇರಬಹುದು. ಕೆಲವರಿಗೆ ಚೇತರಿಸಿಕೊಂಡ ಮೇಲೆ ಮನೆಯ ಆಕ್ಸಿಜನ್ ಬೇಕಾಗುವುದೇ ಇಲ್ಲ. ವಿಶ್ರಾಂತಿಯಲ್ಲಿ 89ರಿಂದ 93 ಇರುವವರಿಗೆ ದೀರ್ಘಕಾಲ ಆಕ್ಸಿಜನ್ ಕೊಟ್ಟರೂ ಆಯುಷ್ಯಕ್ಕೆ ಲಾಭವಿಲ್ಲ ಎಂದು 2016ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಆದರೆ ನಿಲ್ಲಿಸುವ ತೀರ್ಮಾನ ಪರೀಕ್ಷೆ ನೋಡಿಯೇ ಆಗಬೇಕು.

ಮೂರನೆಯದು, ಕಾರ್ಬನ್ ಡೈಆಕ್ಸೈಡ್ ಜಾಸ್ತಿಯೇ ಉಳಿದಿದ್ದರೆ ರಾತ್ರಿ ಮಾಸ್ಕಿನ ಮೂಲಕ ಗಾಳಿ ಒತ್ತುವ ಬೈಪ್ಯಾಪ್ ಯಂತ್ರ. ಇದು ಸ್ನಾಯುಗಳ ಕೆಲಸವನ್ನು ಹಂಚಿಕೊಂಡು ಕಾರ್ಬನ್ ಡೈಆಕ್ಸೈಡ್ ಹೊರಹಾಕಲು ನೆರವಾಗುತ್ತದೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಮನೆಗೆ ಹೋಗಿ ಎರಡರಿಂದ ನಾಲ್ಕು ವಾರದ ಮೇಲೂ ಕಾರ್ಬನ್ ಡೈಆಕ್ಸೈಡ್ 53ಕ್ಕಿಂತ ಹೆಚ್ಚಿದ್ದವರನ್ನು ನೋಡಿದರು. ಬರೀ ಆಕ್ಸಿಜನ್ ಪಡೆದವರಲ್ಲಿ ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವವರೆಗಿನ ಮಧ್ಯಮ ಅವಧಿ 1.4 ತಿಂಗಳು. ಯಂತ್ರವನ್ನೂ ಬಳಸಿದವರಲ್ಲಿ 4.3 ತಿಂಗಳು. ತೊಂದರೆಯೂ ಇದೆ. ಮೂಗಿನ ಮೇಲೆ ಹುಣ್ಣು, ಬಾಯಿ ಒಣಗುವುದು, ಹೊಟ್ಟೆ ಉಬ್ಬರ. ಮೊದಲ ವಾರಗಳಲ್ಲಿ ಹಲವರು ಮಾಸ್ಕ್ ಕಿತ್ತೆಸೆಯುತ್ತಾರೆ. ಹಗಲಿನಲ್ಲಿ ಅರ್ಧ ಗಂಟೆ ಹಾಕಿ ಅಭ್ಯಾಸ ಮಾಡಿಸಿದರೆ ರಾತ್ರಿ ಸುಲಭವಾಗುತ್ತದೆ.

ಯಾವ ದಾರಿ ಹಿಡಿದರೂ ಕೆಲವು ಎಚ್ಚರಿಕೆ ಬೇಕೇ ಬೇಕು. ನಿದ್ದೆ ಮಾತ್ರೆ, ಓಪಿಯಾಯ್ಡ್ (ಮಾರ್ಫಿನ್‌ನಂಥ) ಗುಂಪಿನ ನೋವಿನ ಔಷಧ, ಕೋಡೀನ್ ಇರುವ ಕೆಮ್ಮಿನ ಸಿರಪ್, ಮದ್ಯ, ಇವೆಲ್ಲ ಉಸಿರಿನ ಕೇಂದ್ರವನ್ನು ಮಂಕುಮಾಡುತ್ತವೆ. ಡಾಕ್ಟರಿಗೆ ಹೇಳದೆ ಒಂದನ್ನೂ ಕೊಡಬೇಡಿ. ನೆಬ್ಯುಲೈಸರ್ ಬೇಕಾದಾಗ ಗಾಳಿಯಿಂದ ನಡೆಯುವ ಕಂಪ್ರೆಸರ್ ಬಳಸಿ. ಆಕ್ಸಿಜನ್ನಿನಿಂದ ನಡೆಸಿದರೆ ಗೊತ್ತಿಲ್ಲದೆಯೇ ನಿಮಿಷಕ್ಕೆ 6ರಿಂದ 8 ಲೀಟರ್ ಒಳಗೆ ಹೋಗುತ್ತದೆ. '88ರಿಂದ 92 ಮಾತ್ರ' ಎಂಬ ಚೀಟಿಯನ್ನು ಅವರ ಫೈಲಿನ ಮೇಲೆ ಅಂಟಿಸಿ. ಆಂಬ್ಯುಲೆನ್ಸ್ ಬಂದಾಗ ಅದನ್ನು ಮೊದಲು ತೋರಿಸಿ. ಮಷಿನ್ ನಡೆಯುವ ಕೋಣೆಯಲ್ಲಿ ಬೆಂಕಿ, ಬೀಡಿ, ಸಿಗರೇಟು ಏನೂ ಇರಕೂಡದು. ಬೆಳಿಗ್ಗೆ ಎದ್ದಾಗ ತಲೆನೋವು ಇದೆಯೇ ಎಂದು ದಿನಾ ಕೇಳಿ. ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲಿ ಮನೆಯಲ್ಲಿ ನಿಮಗೆ ಸಿಗುವ ಮೊದಲ ಸುಳಿವು ಅದೇ.

ಕೊನೆಗೆ ನಿಮ್ಮ ಮಗನ ಈಜು. ಇದನ್ನು ಇವತ್ತೇ ನಿಲ್ಲಿಸಿ. ಈ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆಯೇ. ಅವನ ರಕ್ತದಲ್ಲಿ ಆಕ್ಸಿಜನ್ ಈಗಾಗಲೇ 97, 98 ಶೇಕಡ ತುಂಬಿದೆ. ಜೋರಾಗಿ ಉಸಿರಾಡಿ ಅದಕ್ಕೆ ಸೇರಿಸುವುದು ಹೆಚ್ಚೇನೂ ಇಲ್ಲ. ಅವನು ಮಾಡುತ್ತಿರುವುದು ಕಾರ್ಬನ್ ಡೈಆಕ್ಸೈಡನ್ನು ಹೊರಚೆಲ್ಲುವ ಕೆಲಸ. ಉಸಿರು ಬಿಗಿಹಿಡಿದಾಗ 'ಇನ್ನು ತಡೆಯಲಾರೆ, ಮೇಲೆ ಹೋಗು' ಎಂದು ಒತ್ತಾಯಿಸುವುದು ಅದೇ ಕಾರ್ಬನ್ ಡೈಆಕ್ಸೈಡ್. ಅದನ್ನು ಮುಂಚೆಯೇ ಖಾಲಿ ಮಾಡಿದರೆ ಆ ಒತ್ತಾಯ ತಡವಾಗಿ ಬರುತ್ತದೆ. ಅಷ್ಟರೊಳಗೆ ಆಕ್ಸಿಜನ್ ಮೆದುಳಿಗೆ ಸಾಲದಷ್ಟು ಇಳಿದಿರುತ್ತದೆ. ಕತ್ತಿನ ಕೋಶಗಳು ಕೂಗಿದರೂ, ಕಾರ್ಬನ್ ಡೈಆಕ್ಸೈಡ್ ಕಡಿಮೆಯಿರುವಾಗ ಆ ಕೂಗಿಗೆ ಬಲ ಕಡಿಮೆ. ಯಾವ ಮುನ್ಸೂಚನೆಯೂ ಇಲ್ಲದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲ ಹುಡುಗರೇ ಹೀಗೆ ಸಾಯುತ್ತಾರೆ. ಅವರಿಗೆ ಧೈರ್ಯ ಜಾಸ್ತಿ, ಹೆಚ್ಚು ಹೊತ್ತು ಒಳಗಿರುತ್ತಾರೆ.

ಮುಳುಗುವ ಮುಂಚೆ ಮಾಮೂಲಿ ಉಸಿರಾಟ, ಆಮೇಲೆ ಒಂದು ಪೂರ್ತಿ ಉಸಿರು, ಅಷ್ಟೇ ಸಾಕು. ಉಸಿರು ಹಿಡಿಯುವ ಪೈಪೋಟಿ ಬೇಡ. ಒಮ್ಮೆ ಮುಳುಗಿ ಬಂದಮೇಲೆ ಉಸಿರು ಪೂರ್ತಿ ಸಹಜ ಸ್ಥಿತಿಗೆ ಬರುವವರೆಗೆ ಮತ್ತೆ ಮುಳುಗಬಾರದು. ದಡದಲ್ಲಿ ಅವನನ್ನೇ ನೋಡುತ್ತಿರುವ ದೊಡ್ಡವರೊಬ್ಬರು ಇರಲೇಬೇಕು. ಅವನ ತರಬೇತುದಾರರ ಹತ್ತಿರವೂ ಮಾತಾಡಿ. ಇದುವರೆಗೆ ನೀರಿನಡಿಯಲ್ಲಿ ಕಣ್ಣು ಕತ್ತಲೆ ಬಂದದ್ದುಂಟಾ, ಮೇಲೆ ಬಂದದ್ದು ಹೇಗೆಂದು ನೆನಪಿಲ್ಲದೆ ಹೋದದ್ದುಂಟಾ ಎಂದು ಮಗನನ್ನು ಬೈಯದೆ ಕೇಳಿ. ಹೌದು ಎಂದರೆ, ಡಾಕ್ಟರು ನೋಡುವವರೆಗೆ ಅವನನ್ನು ನೀರಿಗೆ ಇಳಿಸಬೇಡಿ.